ಹೇಮಾವತಿಯ ದಂಡೆಗೆ ಹಸ್ತ ಮಳೆಯ ನಾಟಿ: ನನ್ನ ಅನುಭವ

ಸಕಲೇಶಪುರದ ಸುತ್ತ ಹೊಳೆದಂಡೆಗೆ ಗಿಡ ನೆಡುವವರೆಲ್ಲ ಜೂನ್ ತಿಂಗಳಲ್ಲೇ ನೆಡುತ್ತಾರೆ. ಕಾಫಿ ತೋಟಕ್ಕೆ ಹೊಂದುವ ಕಾಲ ದಂಡೆಗೂ ಹೊಂದುತ್ತದೆ ಎಂದು ನಾನೂ ನಂಬಿದ್ದೆ, ಮತ್ತು ಆ ನಂಬಿಕೆಯ ದೆಸೆಯಿಂದ ಕೈಯಿಂದ ದುಡ್ಡು ಕಳೆದುಕೊಂಡೆ. ಮಳೆಗಾಲದ ನೆರೆ ಇಳಿದ ಮೇಲೆ, ಹಸ್ತ ಮಳೆಯಲ್ಲಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 10ರೊಳಗೆ ನೆಡೋಣವೆಂದು ಹೇಳಿದಾಗ ನಮ್ಮ ಗುಂಪಿನವರೇ ನಕ್ಕರು. ‘ಮಳೆ ಹೋದ ಮೇಲೆ ಗಿಡ ನೆಡೋದು ಯಾವ ಊರಿನ ಬುದ್ಧಿ’ ಎಂದು ನನ್ನ ಭಾವನವರು ಎಲ್ಲರೆದುರು ಕೇಳಿದ್ದು ಇನ್ನೂ ನೆನಪಿದೆ. ಆದರೂ 2022ರ ಹಸ್ತದಲ್ಲಿ ನೆಟ್ಟೆವು. 2024ರ ಜುಲೈನಲ್ಲಿ ಹೊಳೆ ಮೂರು ದಿನ ಆ ಗಿಡಗಳ ನೆತ್ತಿಯ ಮೇಲೆ ಹರಿದು ಇಳಿಯಿತು, ಗಿಡಗಳು ಕೆಸರು ಮೆತ್ತಿಕೊಂಡು ನಿಂತಲ್ಲೇ ನಿಂತಿದ್ದವು. ಇದನ್ನು ಬರೆಯುವ ಧೈರ್ಯ ಬಂದದ್ದು ಅದಾದ ಮೇಲೆಯೇ.

ನಾವು ಕೈಹಾಕಿದ ಜಾಗ ಪಟ್ಟಣದ ಅಂಚಿನಲ್ಲಿ ಸುಮಾರು 400 ಮೀಟರ್ ಉದ್ದದ ದಂಡೆ. ಮೂಡಿಗೆರೆ ಸೀಮೆಯ ಬೆಟ್ಟಗಳಲ್ಲಿ ಹುಟ್ಟಿ ಬರುವ ಹೇಮಾವತಿ ಬೇಸಿಗೆಯಲ್ಲಿ ಇಲ್ಲಿ ಮೊಣಕಾಲುದ್ದ ಹರಿಯುತ್ತದೆ, ಪುಷ್ಯ, ಆಶ್ಲೇಷ ಮಳೆಗಳಲ್ಲಿ ಅದೇ ಹೊಳೆ ಎರಡಾಳು ಎತ್ತರ ಏರುತ್ತದೆ. ಒಡೆದ ಮನೆಗಳ ಇಟ್ಟಿಗೆ, ಹೋಟೆಲಿನ ಎಲೆ, ಕೋಳಿ ಅಂಗಡಿಯ ಮೂಟೆಗಳೆಲ್ಲ ಈ ದಂಡೆಗೇ ಬಂದು ಬೀಳುತ್ತಿದ್ದವು. ಉಳಿದ ಕಡೆ ಲಂಟಾನ ಹಬ್ಬಿತ್ತು. ದೇವಸ್ಥಾನದ ಬಳಿಯಂಥ ಒಂದೆರಡು ಕಡೆ ಬಿಟ್ಟರೆ ಹೊಳೆಯೂರಿನ ಜನರು ಹೊಳೆಯನ್ನು ನೋಡುತ್ತಿದ್ದದ್ದು ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಮಾತ್ರ. 2019ರ ಆಗಸ್ಟ್ ಪ್ರವಾಹದಲ್ಲಿ ಈ ಕಸವೆಲ್ಲ ಒಮ್ಮೆ ಕೊಚ್ಚಿಹೋದಾಗ, ಬರಿದಾದ ಮಣ್ಣನ್ನು ಕಂಡು, ಗಿಡ ನೆಟ್ಟು ದಂಡೆಯನ್ನೂ ಹಕ್ಕಿಗಳನ್ನೂ ಉಳಿಸೋಣವೆಂದು ನಾವು ಎಂಟು ಜನ ಸೇರಿದೆವು.

ಮೊದಲ ಸೋಲು 2020ರದು. ಜೂನ್‌ನಲ್ಲಿ ಸುಮಾರು 600 ಗಿಡ ತಂದೆವು. ಹೊಂಗೆ, ನೇರಳೆ, ಹೊಳೆಮತ್ತಿ, ಒಂದಿಷ್ಟು ಬಿದಿರು. ತೋಟದ ಲೆಕ್ಕದಲ್ಲೇ ಒಂದೂವರೆ ಅಡಿ ಗುಂಡಿ ತೋಡಿ, ಗೊಬ್ಬರ ಹಾಕಿ, ಕೋಲು ಕಟ್ಟಿ ನೆಟ್ಟೆವು. ಗಿಡ, ಸಾಗಣೆ, ಆಳಿನ ಕೂಲಿ ಎಲ್ಲ ಸೇರಿ 70,000ದ ಹತ್ತಿರ ಹೋಯಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಎಣಿಸಿದರೆ ಉಳಿದದ್ದು 35 ಇರಬಹುದು. ಗಿಡ ಸತ್ತದ್ದಕ್ಕಿಂತ ನನ್ನನ್ನು ಕಾಡಿದ್ದು ಗುಂಡಿಗಳ ಗತಿ. ನಾವು ಸಡಿಲಿಸಿದ ಒಂದೊಂದು ಗುಂಡಿಯನ್ನೂ ನೀರು ಬಟ್ಟಲಿನಂತೆ ಕೊರೆದು, ಮೊದಲೇ ಇಲ್ಲದ ಕೊರಕಲನ್ನು ದಂಡೆಯಲ್ಲಿ ಹುಟ್ಟಿಸಿತ್ತು. ಅಂದರೆ ನಾವು ಏನೂ ಮಾಡದಿದ್ದರೆ ದಂಡೆ ಇನ್ನೂ ಚೆನ್ನಾಗಿರುತ್ತಿತ್ತು.

ಎರಡನೆಯ ವರ್ಷ ಒಬ್ಬ ಗುತ್ತಿಗೆದಾರರ ಮಾತು ಕೇಳಿ ತಂತಿಬಲೆಯೊಳಗೆ ಕಲ್ಲು ತುಂಬಿದ ತಡೆಗೋಡೆ ಕಟ್ಟಿಸಿದೆವು. ಕೈಯಲ್ಲಿದ್ದ ಹಣಕ್ಕೆ 12 ಮೀಟರ್ ಮಾತ್ರ ಬಂತು, 80,000 ಕೊಟ್ಟ ನೆನಪು. 2021ರ ಜುಲೈನಲ್ಲಿ ನೀರು ಗೋಡೆಯ ಮೇಲ್ತುದಿಯನ್ನು ಬಳಸಿ ಹಿಂದಿನಿಂದ ನುಗ್ಗಿ ಮಣ್ಣು ಒಯ್ದಿತು. ಗೋಡೆ ಹೊಳೆಯ ಕಡೆಗೆ ವಾಲಿ ಈಗಲೂ ಹಾಗೇ ಇದೆ. ಅದಕ್ಕಿಂತ ದೊಡ್ಡ ನಷ್ಟ ಅದನ್ನು ಕಟ್ಟಿದ ಜಾಗದ್ದು. ಅದು ನೆಟ್ಟಗೆ ಕಡಿದಂತಿದ್ದ ಮಣ್ಣಿನ ದಂಡೆ. ಮಿಂಚುಳ್ಳಿಗಳೂ ಕಳ್ಳಿಪೀರಗಳೂ ಅಂಥ ಬೋಳು ಮಣ್ಣಿನ ಗೋಡೆಯಲ್ಲೇ ಬಿಲ ಕೊರೆದು ಮೊಟ್ಟೆ ಇಡುತ್ತವೆ, ಕಲ್ಲಿಗೆ ಅವು ಏನು ಮಾಡಬೇಕು? ಹಕ್ಕಿಗಳಿಗಾಗಿ ಹೊರಟವರು ಹಕ್ಕಿಗಳ ಮನೆಗೇ ಕಲ್ಲು ಹೇರಿದ್ದೆವು.

ಆ ವರ್ಷದ ದೀಪಾವಳಿಯ ಹೊತ್ತಿಗೆ ಗುಂಪಿನಲ್ಲಿ ಉಳಿದವರು ಮೂವರು. ಒಂದು ಸಂಜೆ ಸುಮ್ಮನೆ ದಂಡೆಯಲ್ಲಿ ಕುಳಿತು, ನೆರೆಗೆ ಜಗ್ಗದೆ ತಾನಾಗಿಯೇ ನಿಂತಿರುವುದು ಯಾವುದು ಎಂದು ನೋಡುತ್ತ ಹೋದೆ. ಲಕ್ಕಿ ಗಿಡ, ಹೊಳೆಯ ಅಂಚಿನ ನೀರಂಜಿ, ಲಾವಂಚ, ಹಳೆಯ ಹೊಳೆಮತ್ತಿ. ಇವೆಲ್ಲ ನೆರೆ ಇಳಿದ ಮೇಲೆ ಮೆಕ್ಕಲು ಮಣ್ಣಿನಲ್ಲಿ ಮೊಳೆತು, ಮುಂದಿನ ನೆರೆಗೆ ಮುನ್ನ ಎಂಟು ಒಂಬತ್ತು ತಿಂಗಳು ಬೇರು ಇಳಿಸಿಕೊಂಡವು. ನಾವು ಜೂನ್‌ನಲ್ಲಿ ನೆಟ್ಟ ಗಿಡಕ್ಕೆ ಸಿಕ್ಕಿದ್ದು ಐದಾರು ವಾರ.

2022ರ ಹಸ್ತ ಮಳೆಗೆ ಮೂವರೇ ಶುರುಮಾಡಿದೆವು. ಗುಂಡಿ ತೋಡುವುದನ್ನು ಪೂರ್ತಿ ಬಿಟ್ಟೆವು. ಹೆಬ್ಬೆರಳು ಗಾತ್ರದ ಲಕ್ಕಿ ಮತ್ತು ನೀರಂಜಿಯ ಕಡ್ಡಿಗಳನ್ನು ಮೂರಡಿ ಉದ್ದಕ್ಕೆ ಕತ್ತರಿಸಿ, ಹಾರೆಯಿಂದ ಓರೆಯಾಗಿ ತೂತು ಮಾಡಿ, ಎರಡಡಿ ಒಳಗೆ ಇಳಿಸಿ ಕಾಲಿನಿಂದ ತುಳಿದು ಗಟ್ಟಿ ಮಾಡಿದ್ದಷ್ಟೇ. ಓರೆಯ ತುದಿ ನೀರು ಹರಿಯುವ ದಿಕ್ಕಿಗೆ ಇರಬೇಕು, ಎದುರಾಗಿಟ್ಟರೆ ಕಸ ಸಿಕ್ಕಿಕೊಂಡು ನೆರೆ ಅದನ್ನು ಕಿತ್ತೊಗೆಯುತ್ತದೆ. ನೀರಿನ ಅಂಚಿನಿಂದ ಮೇಲಕ್ಕೆ ನಾಲ್ಕು ಸಾಲು ಕಡ್ಡಿ, ಅದರ ಮೇಲೆ ಲಾವಂಚದ ಎರಡು ಸಾಲು, ಇಳಿಜಾರಿನ ನೆತ್ತಿಯಲ್ಲಿ ಹನ್ನೆರಡು ಅಡಿ ಅಂತರಕ್ಕೆ ಹೊಳೆಮತ್ತಿ, ಅತ್ತಿ, ನೇರಳೆ. ತೀರ ಬೋಳಾಗಿದ್ದ ಕಡೆ ಅರಸೀಕೆರೆ ಕಡೆಯಿಂದ ತೆಂಗಿನ ನಾರಿನ ಬಲೆ ತರಿಸಿ ಹಾಸಿ, ಬಿದಿರು ಗೂಟ ಹೊಡೆದೆವು. ಅದು ಎರಡು ಮೂರು ವರ್ಷದಲ್ಲಿ ಕೊಳೆತು ಮಣ್ಣಾಗುವುದರಿಂದ ತೆಗೆಯುವ ಗೊಡವೆಯಿಲ್ಲ. ಕಡ್ಡಿಯನ್ನು ನೆಡುವ ಮುನ್ನ ಎರಡು ರಾತ್ರಿ ನೆನೆಸುತ್ತೇನೆ. ಯಾವುದರಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಮನೆಗೆ ಬಂದವರಿಗೆ ಹೇಳುತ್ತೇನೆ.

ಸುಮಾರು 900 ಕಡ್ಡಿ, 150 ಮರದ ಸಸಿ. ಚಿತ್ತಾ, ಸ್ವಾತಿ ಮಳೆಗಳು ಚಿಗುರಿಸಿದವು. ಜನವರಿಯಿಂದ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವವರೆಗೆ ವಾರಕ್ಕೆ ಎರಡು ಸಲ, ಮೇಲಿನ ಸಾಲಿಗೆ ಮಾತ್ರ, ಕೊಡದಲ್ಲಿ ಹೊಳೆಯಿಂದಲೇ ನೀರು ಹೊತ್ತೆವು. ಈ ಕೆಲಸಕ್ಕೆ ಆಳು ಸಿಗಲಿಲ್ಲ, ಸಿಕ್ಕರೂ ಕಾಫಿ ಕೊಯ್ಲಿನ ಕಾಲದ ಕೂಲಿ ಕೊಡುವ ಶಕ್ತಿ ನಮಗಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು, ನೆರೆಯೇ ಬರಲಿಲ್ಲ. ಗಿಡ ಉಳಿದದ್ದನ್ನು ತೋರಿಸಿದರೆ ಭಾವನವರು ‘ಪರೀಕ್ಷೆಗೇ ಕೂರದವನು ಪಾಸಾದ ಹಾಗಾಯ್ತು’ ಎಂದರು. ಅವರ ಮಾತು ಆಗ ಸರಿಯಾಗಿಯೇ ಇತ್ತು. ಮರುವರ್ಷದ ನೆರೆ ಇಳಿದ ಮೇಲೆ ಅವರನ್ನೇ ಕರೆದುಕೊಂಡು ಹೋಗಿ ಎಣಿಸಿದೆವು. ನೂರಕ್ಕೆ 70ಕ್ಕಿಂತ ಮೇಲೆ ಲಕ್ಕಿ, ಸುಮಾರು ಅರ್ಧದಷ್ಟು ನೀರಂಜಿ, 150 ಸಸಿಗಳಲ್ಲಿ 90ರ ಆಸುಪಾಸು ಉಳಿದಿದ್ದವು. ಕಡ್ಡಿಗಳ ನಡುವೆ ಅರ್ಧ ಅಡಿ ಹೊಸ ಮೆಕ್ಕಲು ಕೂತಿತ್ತು. ಕಳೆದುಕೊಳ್ಳುತ್ತಿದ್ದ ದಂಡೆ ಮೊದಲ ಸಲ ಮಣ್ಣು ಗಳಿಸಿತ್ತು.

ಬಿದಿರನ್ನು ಎರಡನೆಯ ಸಲ ನೆಡಲಿಲ್ಲ. ಆನೆ ಬರುತ್ತದೆ ಎಂದು ಅಕ್ಕಪಕ್ಕದವರು ತಕರಾರು ತೆಗೆದರು. ಆಲೂರು, ಸಕಲೇಶಪುರದಲ್ಲಿ ಆನೆಯ ಮಾತನ್ನು ಯಾರೂ ತಮಾಷೆಗೆ ಆಡುವುದಿಲ್ಲ. ಅದೇ ಕಾರಣಕ್ಕೆ ಬೈನೆಯನ್ನೂ ಹಲಸನ್ನೂ ದೂರ ಇಟ್ಟೆ. ಲಂಟಾನದ ವಿಷಯದಲ್ಲಿ ಮಾತ್ರ ಆತುರಪಟ್ಟು ಪೆಟ್ಟು ತಿಂದೆ. ಒಂದೇ ಬೇಸಿಗೆಯಲ್ಲಿ ಎಲ್ಲ ಕಡಿಸಿದ್ದರಿಂದ ಅದರೊಳಗೆ ಗೂಡು ಕಟ್ಟುತ್ತಿದ್ದ ಪಿಕಳಾರಗಳು ಕಾಣೆಯಾದವು, ಮಣ್ಣೂ ಸಡಿಲವಾಯಿತು. ಈಗ ವರ್ಷಕ್ಕೆ ಮೂರನೇ ಒಂದು ಪಾಲು ಮಾತ್ರ ತೆಗೆದು, ತೆಗೆದ ಜಾಗಕ್ಕೆ ಅದೇ ಹಸ್ತದಲ್ಲಿ ಲಕ್ಕಿ ಊರುತ್ತೇನೆ.

ಇನ್ನು ಜನರ ದಾರಿ. ಜನರನ್ನು ಹೊಳೆಗೆ ಬಿಟ್ಟರೆ ಗಿಡ ಉಳಿಯುವುದಿಲ್ಲ, ಬೇಲಿ ಹಾಕಿ ಎಂದು ಬಹಳ ಮಂದಿ ಹೇಳಿದರು. ಬೇಲಿ ಹಾಕಿದ್ದರೆ ಅದರಾಚೆ ಮತ್ತೆ ಕಸವೇ ಬೀಳುತ್ತಿತ್ತು. ದಂಡೆಯ ನೆತ್ತಿಯಲ್ಲಿ ನಾಲ್ಕಡಿ ಅಗಲದ ಒಂದೇ ಕಾಲುದಾರಿ, ಅಲ್ಲಿಂದ ನೀರಿಗೆ ಮೂರು ಕಡೆ ಇಳಿಯುವ ಮೆಟ್ಟಿಲು, ಅದಿಷ್ಟು ಬಿಟ್ಟು ಉಳಿದ ದಂಡೆಯೆಲ್ಲ ಪೊದೆಯದ್ದು. ಮೊದಲ ಮೆಟ್ಟಿಲುಗಳನ್ನು ಸಿಮೆಂಟಿನಲ್ಲಿ ಮಾಡಿಸಿ ಒಂದೇ ಮಳೆಗಾಲಕ್ಕೆ ಬುಡ ಕೊರೆಸಿಕೊಂಡೆವು. ಆಮೇಲೆ ಗಾರೆಯಿಲ್ಲದೆ, ದೊಡ್ಡ ಸೈಜುಗಲ್ಲುಗಳನ್ನು ಅರ್ಧಕ್ಕಿಂತ ಹೆಚ್ಚು ಮಣ್ಣೊಳಗೆ ಹುಗಿದು, ಮೆಟ್ಟಿಲ ಸಾಲನ್ನು ಹರಿವಿನ ದಿಕ್ಕಿಗೆ ಓರೆ ಮಾಡಿದೆವು. ನೆರೆ ಇಳಿದ ಮೇಲೆ ಮೂರು ನಾಲ್ಕು ಇಂಚು ಕೆಸರು ಕೂರುತ್ತದೆ, ಇಬ್ಬರು ಆಳು ಒಂದು ದಿನ ಕೆರೆದರೆ ಮುಗಿಯಿತು. ವಯಸ್ಸಾದವರಿಗೆ ಕೈಹಿಡಿ ಬೇಕು, ಆದರೆ ಕಂಬಿ ನಿಲ್ಲಿಸಿದರೆ ನೆರೆಯ ಕಸವೆಲ್ಲ ಅದಕ್ಕೇ ತಗುಲಿ ಮೆಟ್ಟಿಲನ್ನೇ ಎತ್ತುತ್ತದೆ. ಕಲ್ಲಿನಲ್ಲಿ ತೂತು ಹೊಡೆಸಿ, ನೀರಿನ ಪೈಪುಗಳನ್ನೇ ಕಂಬಿಯಾಗಿ ಅದರಲ್ಲಿ ನಿಲ್ಲಿಸಿದ್ದೇವೆ; ಮೇ ಕೊನೆಗೆ ಕಿತ್ತು ನಮ್ಮ ಕೊಟ್ಟಿಗೆಯಲ್ಲಿ ಇಟ್ಟರೆ ಅಕ್ಟೋಬರ್‌ಗೆ ಮತ್ತೆ ಹೊರಡುತ್ತವೆ.

ಬಟ್ಟೆ ಒಗೆಯಲು ಬರುತ್ತಿದ್ದ ಹೆಂಗಸರನ್ನು ಮೊದಲ ವರ್ಷ ನಾವೇ ಓಡಿಸಿದ್ದೆವು. ಅವರು ಗಿಡದ ಮೇಲೆಯೇ ಬಟ್ಟೆ ಹರಡಿ ಸೇಡು ತೀರಿಸಿಕೊಂಡರು. ಕೊನೆಗೆ ಅವರಲ್ಲೇ ಒಬ್ಬರು ‘ನಮಗೂ ನಾಲ್ಕು ಕಲ್ಲು ಹಾಕಿಕೊಡಿ ಸಾರ್, ಗಿಡ ನಾವೇ ನೋಡ್ಕೋತೀವಿ’ ಎಂದರು. ಕೆಳತುದಿಯ ಮೆಟ್ಟಿಲ ಬಳಿ ನಾಲ್ಕು ಚಪ್ಪಡಿ ಹಾಕಿಸಿದ್ದಕ್ಕೆ 6,000 ಆಯಿತು. ನಾನು ಮಾಡಿದ ಖರ್ಚಿನಲ್ಲಿ ಇಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ. ಸೋಪಿನ ನೀರು ಹೊಳೆಗೆ ಸೇರುವುದನ್ನು ತಡೆಯಲು ಚಪ್ಪಡಿಯ ಹಿಂದೆ ಮರಳು ತುಂಬಿದ ಒಂದು ಇಂಗುಗುಂಡಿ ಮಾಡಿದ್ದೇನೆ, ಅದು ಅರ್ಧಂಬರ್ಧ ಕೆಲಸ ಮಾಡುತ್ತದೆ. ಕಸದ ಮೂಟೆ ಹೊತ್ತು ಬಂದವರಿಗೆ ಈಗ ಬೈಗುಳ ಬೀಳುವುದು ಅವರಿಂದ, ನನ್ನಿಂದಲ್ಲ. ದೀಪದ ಕಂಬ ಹಾಕಿಸಿಕೊಡುತ್ತೇವೆಂದು ಬಂದವರಿಗೆ ಮಾತ್ರ ಬೇಡವೆಂದೆ. ಕತ್ತಲಾದ ಮೇಲೆ ಹೊಳೆ ಮನುಷ್ಯರದ್ದಲ್ಲ.

ಸುಮ್ಮನೆ ಮಾಡಿ ನೋಡಿದ ಪ್ರಯೋಗಗಳೂ ಇವೆ. ಕಾಫಿ ಸಿಪ್ಪೆಯನ್ನು ಸಸಿಗಳ ಬುಡಕ್ಕೆ ಹೊದಿಸಿದೆ, ಮೊದಲ ಜೋರು ಮಳೆಗೇ ತೇಲಿ ಮೆಟ್ಟಿಲ ಮೇಲೆ ಕೂತು ನಾರಿತು. ಕಲ್ಲುಗೋಡೆಯ ಪಾಪ ತೊಳೆಯಲೆಂದು ಮೇಲಕ್ಕೆ ಇನ್ನೊಂದು ಕಡೆ ಎಂಟಡಿ ಎತ್ತರದ ದಿಬ್ಬವನ್ನು ಗುದ್ದಲಿಯಿಂದ ನೆಟ್ಟಗೆ ಕಡಿದು ಬಿಟ್ಟೆ. ಒಂದು ವರ್ಷ ಏನೂ ಬರಲಿಲ್ಲ. ಪ್ರತಿ ಜನವರಿಯಲ್ಲಿ ಮೈಯನ್ನು ಹೊಸದಾಗಿ ಕೆರೆದು, ಹಬ್ಬಿದ ಹುಲ್ಲು ತೆಗೆದ ಮೇಲೆ ಕಳ್ಳಿಪೀರಗಳು ಬಂದವು, ಕಳೆದ ಬೇಸಿಗೆಯಲ್ಲಿ 14 ಬಿಲ ಎಣಿಸಿದ್ದೇನೆ. ನೆರೆಯಲ್ಲಿ ತೇಲಿ ಬಂದ ಒಂದು ದೊಡ್ಡ ದಿಮ್ಮಿಯನ್ನು ಸೌದೆಗೆ ಕೊಡದೆ ಮಡುವಿನಲ್ಲೇ ಸರಪಳಿಯಿಂದ ಕಟ್ಟಿದೆ. ಅದರ ನೆರಳಿಗೆ ಮೀನು, ಅದರ ಬೆನ್ನಿಗೆ ನೀರುಕಾಗೆ.

ನೀರುನಾಯಿಯ ಹೆಜ್ಜೆ ಮೊದಲು ಕಂಡದ್ದು 2025ರ ಫೆಬ್ರುವರಿಯಲ್ಲಿ, ಮರಳಿನ ಮೇಲೆ. ಏಡಿಯ ಚಿಪ್ಪು, ಮೀನಿನ ಹುರುಪೆ ತುಂಬಿದ ಹಿಕ್ಕೆಯೂ ಒಂದು ಬಂಡೆಯ ಮೇಲಿತ್ತು, ಆದ್ದರಿಂದ ನಾಯಿಯ ಹೆಜ್ಜೆಯೇನೋ ಎಂಬ ಅನುಮಾನ ಉಳಿಯಲಿಲ್ಲ. ಯಾವ ಬಂಡೆ ಎಂದು ಗುಂಪಿನವರಿಗೂ ಹೇಳಿಲ್ಲ.

ಇಲ್ಲಿಯವರೆಗಿನ ಲೆಕ್ಕ ಬಾಯಿಲೆಕ್ಕದಲ್ಲೇ ಹೇಳುವುದಾದರೆ ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಅದರಲ್ಲಿ ಒಂದೂವರೆ ಲಕ್ಷ ಮೊದಲ ಎರಡು ವರ್ಷದ ದಂಡ, ಎರಡು ಲಕ್ಷದ ಹತ್ತಿರ ಕಲ್ಲು ಮತ್ತು ಮೆಟ್ಟಿಲು. 400 ಮೀಟರ್ ದಂಡೆಯನ್ನು ಹಿಡಿದು ನಿಲ್ಲಿಸಿದ ಲಕ್ಕಿ ಕಡ್ಡಿಗಳಿಗೆ ಕತ್ತರಿಸುವ ಕೂಲಿ, ಜೀಪಿನ ಡೀಸೆಲ್ ಬಿಟ್ಟು ಏನೂ ಬೀಳಲಿಲ್ಲ. ಅರ್ಧ ಹಣ ನನ್ನ ಕಾಳುಮೆಣಸಿನದು, ಉಳಿದದ್ದು ಗೆಳೆಯರದು. ಒಂದು ಕಚೇರಿಯಿಂದ ಬರುತ್ತದೆಂದ ಹಣ ಇನ್ನೂ ಬರುತ್ತಲೇ ಇದೆ. ಮೇಲ್ತುದಿಯಲ್ಲಿ ಹೊಳೆಗೆ ಬೀಳುವ ಮೋರಿಯೂ ಹಾಗೆಯೇ ಇದೆ, ಅದಕ್ಕೆ ನನ್ನ ಬಳಿ ಉಪಾಯವಿಲ್ಲ.

ಮುಂದಿನ ಹಸ್ತಕ್ಕೆ ಎದುರು ದಂಡೆಯ 150 ಮೀಟರ್ ಹಿಡಿಯುತ್ತಿದ್ದೇವೆ, ಕಡ್ಡಿಗೆ ಬೇಕಾದ ತಾಯಿಗಿಡಗಳನ್ನು ಗುರುತು ಮಾಡಿಟ್ಟಿದ್ದೇನೆ. ತಮ್ಮ ಗದ್ದೆಯ ಪಕ್ಕದ ಹಳ್ಳದ ದಂಡೆ ಕುಸಿಯುತ್ತಿದೆ, ಇನ್ನೂರು ಕಡ್ಡಿ ಬೇಕು ಎಂದು ಮೊನ್ನೆ ಭಾವನವರು ಫೋನು ಮಾಡಿದ್ದರು. ಕೊಡುತ್ತೇನೆ ಎಂದಿದ್ದೇನೆ, ಆದರೆ ಜೂನ್‌ನಲ್ಲಿ ಜೀಪು ತಂದು ನಿಲ್ಲಿಸಿದರೆ ಒಂದನ್ನೂ ಕಡಿಯಲು ಬಿಡುವುದಿಲ್ಲ ಎಂದೂ ಹೇಳಿದ್ದೇನೆ.