ಫಾಲ್ಕೆಯವರ ಬಟಾಣಿ, ಹಾಸನದ ಅವರೆಕಾಳು

1870ರಲ್ಲಿ ತ್ರ್ಯಂಬಕದಲ್ಲಿ ಜನಿಸಿದ ದಾದಾಸಾಹೇಬ್ ಫಾಲ್ಕೆಯವರು, 1913ರ ಮೇ 3ರಂದು ಮುಂಬಯಿಯಲ್ಲಿ ‘ರಾಜಾ ಹರಿಶ್ಚಂದ್ರ’ ಮೂಕಿ ಚಿತ್ರವನ್ನು ತೆರೆಗೆ ತರುವ ಮೊದಲು, ಹಣ ಹೂಡುವವರನ್ನು ನಂಬಿಸಲು ಕುಂಡದಲ್ಲಿ ಬಟಾಣಿ ಮೊಳೆತು ಬೆಳೆಯುವುದನ್ನು ಚಿತ್ರೀಕರಿಸಿ ತೋರಿಸಿದ್ದರು. ಅವರ ಬದುಕನ್ನು ಪಾಠ ಮಾಡುವ ಹಾಸನದ ಶಿಕ್ಷಕರು ಇಸವಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಪ್ರಯೋಗವನ್ನೇ ಮಕ್ಕಳಿಂದ ಮಾಡಿಸುವುದು ಮೇಲು.

ಬಟಾಣಿಯೇ ಆಗಬೇಕೆಂದಿಲ್ಲ; ನಮ್ಮ ಅವರೆಕಾಳು ಸಾಕು. ಬಿತ್ತನೆಯ ಒಣಕಾಳನ್ನು ರಾತ್ರಿ ನೆನೆಸಿ, ಮರುದಿನ ಕುಂಡದ ಅಂಚಿನ ಬಳಿ ಒಂದು ಅಂಗುಲ ಆಳಕ್ಕೆ ಊರಬೇಕು. ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು, ಸ್ಟ್ಯಾಂಡೂ ಕುಂಡವೂ ಕದಲದಂತೆ ಮೇಜಿನ ಮೇಲೆ ಸುಣ್ಣದಿಂದ ಗುರುತು ಹಾಕಿಕೊಳ್ಳಬೇಕು. ಕಿಟಕಿಯ ಬೆಳಕನ್ನು ನೆಚ್ಚಿಕೊಳ್ಳಬಾರದು: ಸಕಲೇಶಪುರದ ಕಡೆ ಮಳೆಗಾಲದಲ್ಲಿ ಮೋಡ ಕವಿದು ಸರಿಯುವಾಗ ಚಿತ್ರವೆಲ್ಲ ಮಿಣುಕುತ್ತದೆ, ಅಲ್ಲದೆ ಸಸಿ ಕಿಟಕಿಯತ್ತಲೇ ವಾಲುತ್ತದೆ. ಪರದೆ ಎಳೆದು, ಮೇಲಿನಿಂದ ಒಂದು ಎಲ್ಇಡಿ ದೀಪ ಹಾಕಿ, ಮೊಬೈಲಿನಲ್ಲಿ ಬೆಳಕಿನ ಪ್ರಮಾಣವನ್ನೂ ಫೋಕಸನ್ನೂ ಸ್ಥಿರಗೊಳಿಸಬೇಕು. ನೀರು ಹಾಕುವವರು ಒಬ್ಬರೇ ಆಗಿರಲಿ. ಕುಂಡ ಜರುಗುವುದು ಹೆಚ್ಚಾಗಿ ಆಗಲೇ.

ಗಂಟೆಗೊಂದರಂತೆ ಹತ್ತು ದಿನ ತಾನಾಗಿಯೇ ಫೋಟೊ ತೆಗೆಯುವಂತೆ ಹೊಂದಿಸಿದರೆ 240 ಚಿತ್ರಗಳಾಗುತ್ತವೆ. ಮೂಕಿ ಕಾಲದಲ್ಲಿ ಬಳಕೆಯಲ್ಲಿದ್ದ ವೇಗಗಳಲ್ಲೊಂದಾದ ಸೆಕೆಂಡಿಗೆ 16 ಚೌಕಟ್ಟುಗಳಂತೆ ಓಡಿಸಿದಾಗ, ಮಣ್ಣನ್ನು ಒಡೆದು ಬಗ್ಗಿದ ಕತ್ತು ಮೇಲೆದ್ದು ಎಲೆ ಬಿಚ್ಚುವುದೆಲ್ಲ 15 ಸೆಕೆಂಡಿನಲ್ಲಿ ಮುಗಿಯುತ್ತದೆ. ಇಂದಿನ ರೂಢಿಯ 24 ಚೌಕಟ್ಟುಗಳ ವೇಗದಲ್ಲಿ ಅದೇ ಚಿತ್ರ 10 ಸೆಕೆಂಡಿಗೆ ಇಳಿಯುತ್ತದೆ. ಎರಡನ್ನೂ ಒಂದರ ಹಿಂದೊಂದು ತೋರಿಸಿದರೆ, ಹಳೆಯ ಚಿತ್ರಗಳಲ್ಲಿ ಜನ ದಡಬಡನೆ ನಡೆಯುವಂತೆ ಕಾಣುವುದೇಕೆಂದು ಮಕ್ಕಳೇ ಹೇಳುತ್ತಾರೆ.