ಕಲಬುರಗಿಯಾಗ ಬಾರ್ ಬ್ಯಾಂಡ್ ಕಟ್ಟೋ ಹುಡುಗ್ರಿಗೆ

ಹೋದ ತಿಂಗಳು ನಮ್ಮ ಪ್ರೋಗ್ರಾಂ ಮುಗದ ಮ್ಯಾಲ ಮೂರು ಜನ ಕಾಲೇಜ್ ಹುಡುಗ್ರು ಬಂದು, ಅಣ್ಣಾ ನಾವೂ ಒಂದು ಬ್ಯಾಂಡ್ ಮಾಡಬೇಕಂತೀವಿ, ಎಲ್ಲಿಂದ ಶುರು ಮಾಡೋದು ಹೇಳ್ರಿ ಅಂದ್ರು. ಆಗ ರಾತ್ರಿ ಹನ್ನೊಂದು ಆಗಿತ್ತು, ಸ್ಪೀಕರ್ ಗಾಡಿಗೆ ಏರಿಸೋದು ಬಾಕಿ ಇತ್ತು, ಸರಿಯಾಗಿ ಮಾತಾಡ್ಲಿಕ್ಕೇ ಆಗ್ಲಿಲ್ಲ. ಅವ್ರಿಗೆ ಹೇಳಬೇಕಾಗಿದ್ದೆಲ್ಲಾ ಇಲ್ಲಿ ಬರೀಲಾಕತ್ತೀನಿ.

ನಾವು ಐದು ಜನ. ಒಬ್ಬಾಂವ ಗಂಜ್‌ನಾಗ ತೊಗರಿ ಅಡತಿ ಅಂಗಡಿ ಲೆಕ್ಕ ಬರೀತಾನ, ಒಬ್ಬಾಂವಂದು ಮೆಡಿಕಲ್ ಅಂಗಡಿ, ಒಬ್ಬ ಅಕ್ಕ ಸಾಲಿ ಟೀಚರ್, ಒಬ್ಬ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕ್ಲಾಕತ್ತಾನ, ನಾನು ಆಫೀಸ್ ಕ್ಲರ್ಕ್. ತಿಂಗಳಿಗೆ ಎರಡು ಶನಿವಾರ ರಿಂಗ್ ರೋಡ್ ಕಡಿ ಬಾರ್ ಅಂಡ್ ರೆಸ್ಟೋರೆಂಟ್‌ನಾಗ ಹಾಡ್ತೀವಿ, ನಡುವ ಹುಟ್ಟುಹಬ್ಬ, ಮದಿವಿ ರಿಸೆಪ್ಶನ್ ಬಂದ್ರ ಅವೂ ಮಾಡ್ತೀವಿ. ಒಂಬತ್ತು ವರ್ಷದಾಗ ಈ ಬ್ಯಾಂಡ್ ಎರಡು ಸಲ ಒಡದದ. ಎರಡೂ ಸಲ ಹಾಡು ಬರಾಬರ್ ಇತ್ತು, ಒಡದದ್ದು ಮೊದಲೇ ಕುಂತು ಮಾತಾಡದೇ ಬಿಟ್ಟ ಸಣ್ಣ ಸಣ್ಣ ವಿಷಯಕ್ಕ, ಅದಕ್ಕ ನಾನು ಹಾಡಿನಕಿಂತ ಆ ವಿಷಯಾನೇ ಜಾಸ್ತಿ ಹೇಳ್ತೀನಿ.

ಮೊದಲು ಜನ ನೋಡ್ರಿ. ನಮ್ಮೂರಾಗ ಒಂದು ಟೇಬಲ್‌ನಾಗ ಕನ್ನಡ, ಬಾಜು ಟೇಬಲ್‌ನಾಗ ದಖನಿ ಉರ್ದು, ಅದರ ಹಿಂದ ಹೈದರಾಬಾದ್ ಕಡಿಯೋರು ತೆಲುಗು, ಮೂಲ್ಯಾಗ ಸೊಲ್ಲಾಪುರದಿಂದ ಬಂದ ಯಾಪಾರಸ್ಥರು ಮರಾಠಿ. ಒಂದೇ ಭಾಷೆ ಹಿಡಕೊಂಡು ಕುಂತ್ರ ಒಂಬತ್ತೂವರಿಗೆ ಅರ್ಧ ಹಾಲ್ ನಿಮ್ಮ ಕಡಿ ಬೆನ್ನು ತಿರುಗಸ್ತದ. ನಮ್ಮ ಲಿಸ್ಟ್‌ನಾಗ ನಲವತ್ತು ಹಾಡು ಅವ. ಹದಿನೆಂಟು ಹಳೇ ಹಿಂದಿ, ಹದಿನೈದು ಕನ್ನಡ, ಐದು ತೆಲುಗು, ಎರಡು ಮರಾಠಿ. ಕನ್ನಡದಾಗ ಡಾ. ರಾಜ್‌ಕುಮಾರ್ ಹಾಡಿದ್ದು, ಎಸ್ಪಿಬಿ ಹಾಡಿದ್ದು ಇಲ್ದೇ ಸಂಜಿ ಮುಗಿಯೋದೇ ಇಲ್ಲ. ಎಂಟು ಗಂಟಿಗೆ ಮಂದಿ ಇನ್ನಾ ಸೂಪ್ ಹೇಳ್ಲಾಕತ್ತಿರ್ತಾರ, ಆವಾಗ ಗಜಲ್, ನಿಧಾನ ಹಾಡು. ಒಂಬತ್ತೂವರಿ ಮ್ಯಾಲ ಕುಣಿಯೋ ಹಾಡು. ಇದು ಉಲ್ಟಾ ಆದ್ರ ಮಂದಿ ಊಟ ಬಿಟ್ಟು ಬಿಲ್ ಕೇಳ್ತಾರ.

ಭಾಷೆ ಬರಲಾರದ ಹಾಡು ಹಾಡೋ ಮೊದಲು ಆ ಭಾಷೆ ಮನ್ಯಾಗ ಮಾತಾಡೋರ ಮುಂದ ಒಂದು ಸಲ ಹಾಡ್ರಿ. ನಮ್ಮ ಗಿಟಾರ್‌ನವ ದರ್ಗಾ ಕಡಿ ಹುಡುಗ, ಮನ್ಯಾಗ ಉರ್ದು, ಒಂದು ಗಜಲ್‌ನಾಗ ನಾನು ‘ಗಮ್’ ಅನ್ನೋದನ್ನ ನಮ್ಮ ಗಿಡದ ‘ಗ’ ಹಂಗೇ ಅಂತಿದ್ದೆ, ಅದು ಗಂಟಲ ಒಳಗಿಂದ ಬರಬೇಕು ಅಂತ ಒಂದು ವಾರ ನನ್ನ ಬೆನ್ನು ಹತ್ತಿದ. ಆವಾಗ ಸಿಟ್ಟು ಬಂದಿತ್ತು ಖರೇ, ಆದ್ರ ಮುಂದಿನ ಶನಿವಾರ ಮೊದಲನೇ ಟೇಬಲ್‌ನಾಗ ಕುಂತಿದ್ದ ಹಿರೇರೊಬ್ಬರು ಆ ಶಬ್ದಕ್ಕೇ ಕೈ ಎತ್ತಿ ವಾಹ್ ಅಂದ್ರು.

ಸ್ಕೇಲ್, ಅಂದ್ರ ಹಾಡಿನ ಶ್ರುತಿ, ಅದರ ವಿಷಯ. ನಮ್ಮ ಕಡಿ ಹಾಡೋರು ಹಾರ್ಮೋನಿಯಂ ಮ್ಯಾಲ ಕಲ್ತಿರ್ತಾರ, ಕರಿ ಒಂದು, ಬಿಳಿ ನಾಲ್ಕು ಅಂತಾರ, ಗಿಟಾರ್‌ನವ್ರು ಯೂಟ್ಯೂಬ್ ನೋಡಿ ಸಿ ಶಾರ್ಪ್, ಎಫ್ ಅಂತಾರ, ಇಬ್ರೂ ಹೇಳೋದು ಒಂದೇ ಆದ್ರೂ ಸ್ಟೇಜ್ ಮ್ಯಾಲ ಜಗಳ ಆಗ್ತದ. ಒಂದು ನೋಟ್‌ಬುಕ್ ಮಾಡ್ರಿ, ಹಾಡು, ಹಾಡೋರು, ಸ್ಕೇಲ್ ಎರಡೂ ನಮೂನಿಯೊಳಗ, ಎಷ್ಟು ಸ್ಪೀಡು, ಯಾರು ಶುರು ಮಾಡ್ತಾರ, ಹ್ಯಾಂಗ ಮುಗೀತದ, ಇಷ್ಟು ಬರೀರಿ. ಗಂಡಸರ ಹಾಡು ಹೆಣ್ಮಕ್ಕಳು ಹಾಡೋದಾದ್ರ ಸಾಮಾನ್ಯವಾಗಿ ನಾಲ್ಕೈದು ಮನಿ (ಕರಿ, ಬಿಳಿ ಎರಡೂ ಸೇರಿಸಿ ಎಣಿಸಿದ ಪಟ್ಟಿ) ಮ್ಯಾಲ ಹೋಗಬೇಕಾಗ್ತದ, ಅದನ್ನೂ ಅಲ್ಲೇ ಬರೀರಿ. ಗಂಟಲು ಕೆಟ್ಟ ದಿನ ಕೀಬೋರ್ಡ್‌ನವ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಎರಡು ಮನಿ ಕೆಳಗ ಇಳಿಸ್ತಾನ, ಅದು ಅವ್ನಿಗೆ ಒಂದು ಸೆಕೆಂಡ್ ಕೆಲಸ. ಗಿಟಾರ್‌ನವಂಗ ಹಂಗಿಲ್ಲ, ಕೇಪೋ (ಗಿಟಾರ್ ಕುತ್ತಿಗಿ ಮ್ಯಾಲ ತಂತಿ ಒತ್ತಿ ಹಿಡಿಯೋ ಕ್ಲಿಪ್) ಹಾಕಿದ್ರ ಸ್ವರ ಮ್ಯಾಲೇ ಹೋಗ್ತದ, ಕೆಳಗ ಬರಂಗಿಲ್ಲ, ಅವ ಕಾರ್ಡ್ ಎಲ್ಲಾ ಬದಲಿ ಮಾಡ್ಕೋಬೇಕು. ಅದಕ್ಕ ಇಳಿಸೋದು ಇದ್ರ ಹಾಡು ಶುರು ಆಗೋ ಮೊದಲು ಐದೂ ಜನಕ್ಕ ಕೇಳೋ ಹಂಗ ಹೇಳ್ರಿ, ಹಾಡು ಮುಗದ ಕೂಡ್ಲೇ ಟ್ರಾನ್ಸ್‌ಪೋಸ್ ವಾಪಸ್ ಸೊನ್ನಿಗೆ ತರ್ರಿ. ಒಂದು ಸಲ ಅದು ಮರತು ಹೋಗಿ ಮುಂದಿನ ಹಾಡು ಎರಡು ಬ್ಯಾರೆ ಬ್ಯಾರೆ ಸ್ಕೇಲ್‌ನಾಗ ಶುರು ಆತು, ಅಕ್ಕ ಮೈಕ್ ಹಿಡಕೊಂಡು ಯಾರ ಕಡಿ ನೋಡಬೇಕು ತಿಳೀದೇ ನಿಂತಳು, ಆ ಮಾರಿ ನನಗ ಇನ್ನಾ ನೆನಪದ.

ಪ್ರಾಕ್ಟೀಸ್‌ನಾಗ ಹಾಡಿನ ನಡುವಿನ ಭಾಗ ಹತ್ತು ಸಲ ಬಾರಿಸೋದು ಬಿಟ್ಟು ಶುರುವಾಗೋದು, ಮುಗಿಯೋದು, ಅಂತರಾದಿಂದ (ಚರಣದಿಂದ) ಪಲ್ಲವಿಗೆ ತಿರುಗೋದು ಇಷ್ಟೇ ಹತ್ತು ಸಲ ಮಾಡ್ರಿ, ತಪ್ಪೋದು ಅಲ್ಲೇ. ಮಾರ್ಚ್‌ನಾಗ ಪರೀಕ್ಷೆ ಇರ್ತಾವ, ಮಾಳಗಿ ಮ್ಯಾಲ ಡ್ರಮ್ಸ್ ಬ್ಯಾಡ, ಎಲೆಕ್ಟ್ರಾನಿಕ್ ಪ್ಯಾಡ್‌ಗೆ ಹೆಡ್‌ಫೋನ್ ಹಾಕ್ಕೊಂಡು ಮಾಡ್ರಿ, ಓಣಿ ಮಂದಿ ಒಂದು ಸಲ ಸಿಟ್ಟಾದ್ರ ಜಾಗ ಹೋಗ್ತದ.

ಈಗ ಕರೆಂಟ್. ಇದು ಮಾತ್ರ ಯಾರೂ ಹಾರಿಸ್ಕೊಂಡು ಓದಬ್ಯಾಡ್ರಿ.

ಮೂರನೇ ವರ್ಷ ಒಂದು ಹೊಸಾ ಜಾಗಕ್ಕ ಹೋಗಿದ್ವಿ. ಗಿಟಾರ್ ಆಂಪ್ (ಆಂಪ್ಲಿಫೈಯರ್) ಒಂದು ಬೋರ್ಡ್‌ಗೆ, ಮಿಕ್ಸರ್ ಗ್ವಾಡಿ ಆಕಡಿ ಇನ್ನೊಂದು ಬೋರ್ಡ್‌ಗೆ ಹಾಕಿದ್ವಿ. ಗಿಟಾರ್‌ನವ ತಂತಿ ಮ್ಯಾಲ ಕೈ ಇಟ್ಟುಕೊಂಡೇ ಕೋರಸ್ ಹಾಡ್ಲಿಕ್ಕೆ ಮೈಕ್ ಹತ್ರ ಬಾಯಿ ತಂದ, ತುಟಿ ಜಾಳಗಿಗೆ ತಗಲಿದ ಕೂಡ್ಲೇ ಚಟ್ ಅಂತ ಸಪ್ಪಳ, ಅವ ಎರಡು ಹೆಜ್ಜಿ ಹಿಂದ ಹಾರಿ ಸ್ಟ್ಯಾಂಡ್ ಮ್ಯಾಲ ಬಿದ್ದ. ತುಟಿ ಮ್ಯಾಲ ಸಣ್ಣ ಬಿಳಿ ಕಲಿ ಉಳೀತು, ದೇವ್ರ ದಯ, ಅಷ್ಟಕ್ಕೇ ಮುಗೀತು. ಕಾರಣ ಏನಂದ್ರ ಒಂದು ಬೋರ್ಡ್‌ಗೆ ಅರ್ಥಿಂಗ್ ಇತ್ತು, ಇನ್ನೊಂದಕ್ಕ ಮೂರನೇ ತೂತು ಇತ್ತು, ಒಳಗ ವೈರ್ ಇರ್ಲಿಲ್ಲ. ಆಂಪ್‌ನಿಂದ ಸೋರಿದ ಕರೆಂಟ್ ಗಿಟಾರ್ ತಂತಿಗೆ ಬಂದು, ಅವನ ಮೈ ಮೂಲಕ ಮೈಕ್‌ನ ಅರ್ಥಿಂಗ್ ಕಡಿ ದಾರಿ ಹುಡುಕ್ತು.

ಅವತ್ತಿಂದ ನಾವು ಮಾಡೋದು ಹಿಂಗ. ಸ್ಟೇಜ್ ಮ್ಯಾಲಿನ ಎಲ್ಲಾ ಸಾಮಾನು ಒಂದೇ ಬೋರ್ಡ್‌ನಿಂದ, ಒಂದೇ ಛಲೋ ಎಕ್ಸ್‌ಟೆನ್ಶನ್ ಮ್ಯಾಲ. ಸಾಮಾನು ಹಚ್ಚೋ ಮೊದಲು ಮಲ್ಟಿಮೀಟರ್ ಹಾಕಿ ನೋಡಸ್ತೀವಿ, ಫೇಸ್ ಮತ್ತ ಅರ್ಥಿಂಗ್ ನಡುವ 230 ವೋಲ್ಟ್ ಆಸುಪಾಸು ಬರಬೇಕು, ನ್ಯೂಟ್ರಲ್ ಮತ್ತ ಅರ್ಥಿಂಗ್ ನಡುವ ಒಂದೆರಡು ವೋಲ್ಟ್‌ಕಿಂತ ಜಾಸ್ತಿ ಬರಬಾರದು. ನಿಮಗ ಮೀಟರ್ ಹಿಡೀಲಿಕ್ಕೆ ಬರಲ್ಲಂದ್ರ ಎಲೆಕ್ಟ್ರಿಷಿಯನ್‌ನ ಕರೀರಿ, ಸುಮ್ನ ಟೆಸ್ಟರ್ ಚುಚ್ಚಿ ಲೈಟ್ ಹತ್ತಿತು ಅಂದ್ರ ಫೇಸ್ ಅದ ಅಂತಷ್ಟೇ ಗೊತ್ತಾಗ್ತದ, ಅರ್ಥಿಂಗ್ ಅದನೋ ಇಲ್ಲೋ ಗೊತ್ತಾಗಂಗಿಲ್ಲ. ಅರ್ಥಿಂಗ್ ಇಲ್ಲಂದ್ರ ಅಲ್ಲಿ ಹಾಡಬ್ಯಾಡ್ರಿ. ಗುಂಯ್ ಅನ್ನೋ ಸಪ್ಪಳ ಹೋಗ್ಲಿ ಅಂತ ಪ್ಲಗ್‌ನ ಮೂರನೇ ಪಿನ್ ಮುರಿಯೋರು ಅದಾರ, ದಯವಿಟ್ಟು ಆ ಕೆಲಸ ಮಾಡಬ್ಯಾಡ್ರಿ, ಆ ಪಿನ್ ನಿಮ್ಮ ಗೆಳ್ಯಾನ ಜೀವ ಕಾಯ್ತದ.

ಬ್ಯಾಸಗಿಯಾಗ ಕರೆಂಟ್ ಹೋಗೋದು ಇದ್ದದ್ದೇ. ಜನರೇಟರ್ ಮ್ಯಾಲ ಬರೋದ್ರಾಗ ಕೀಬೋರ್ಡ್ ಬಂದ್ ಆಗಿ ಮತ್ತ ಚಾಲೂ ಆಗ್ತದ, ಹಾಕಿದ ಟೋನ್ ಎಲ್ಲಾ ಹೋಗ್ತದ. ಕೀಬೋರ್ಡ್ ಮತ್ತ ಮಿಕ್ಸರ್‌ಗೆ ಕಂಪ್ಯೂಟರ್ ಯುಪಿಎಸ್ ಒಂದು ಇಡ್ರಿ, ಸೆಕೆಂಡ್ ಹ್ಯಾಂಡ್ ಆದ್ರೂ ನಡೀತದ, ಬ್ಯಾಟರಿ ಮಾತ್ರ ಹೊಸಾದು. ಚಾಲೂ ಮಾಡುವಾಗ ಪವರ್ಡ್ ಸ್ಪೀಕರ್ (ಒಳಗೇ ಆಂಪ್ ಇರೋದು) ಕಡೀಕ, ಬಂದ್ ಮಾಡುವಾಗ ಅದೇ ಮೊದಲು, ಇಲ್ಲಂದ್ರ ಢಮ್ ಅಂತ ಹೊಡೀತದ, ಸ್ಪೀಕರ್ ಕಾಯಿಲ್ ಹೋಗ್ತದ.

ಸೌಂಡ್ ಬಗ್ಗೆ ಒಂದೇ ಮಾತು ಜೋರಾಗಿ ಹೇಳ್ತೀನಿ, ಸಣ್ಣಗ ಬಾರಿಸ್ರಿ. ಬಾರ್ ಹಾಲ್‌ನಾಗ ಮಾಳಗಿ ತಗ್ಗು, ಕೆಳಗ ಟೈಲ್ಸ್, ಬಾಜು ಗಾಜು, ಸಪ್ಪಳ ತಿರುಗಿ ತಿರುಗಿ ಬರ್ತದ. ಸ್ಪೀಕರ್ ಮಂದಿ ತಲಿಕಿಂತ ಮ್ಯಾಲ ಏರಿಸ್ರಿ, ಮೈಕ್‌ಕಿಂತ ಮುಂದ ಇಡ್ರಿ. ಶ್ಯೂರ್ 58 ಇರ್ಲಿ, ಅದೇ ನಮೂನಿ ಬ್ಯಾರೆ ಮೈಕ್ ಇರ್ಲಿ, ಅದು ಮುಂದಿನ ಸಪ್ಪಳ ಕೇಳ್ತದ, ಸರಿ ಹಿಂದಿನದು ಕಡಿಮಿ ಕೇಳ್ತದ, ಅದಕ್ಕ ಮಾನಿಟರ್ (ಹಾಡೋರಿಗೆ ತಮ್ಮ ಸಪ್ಪಳ ಕೇಳ್ಲಿ ಅಂತ ಇಡೋ ಸ್ಪೀಕರ್) ಮೈಕ್‌ನ ಬೆನ್ನಿಗೆ ನೆಟ್ಟಗ ಇಟ್ರ ಕುಂಯ್ ಅನ್ನೋದು ಅರ್ಧ ಕಡಿಮಿ ಆಗ್ತದ. ಮೈಕ್ ಜಾಳಗಿ ಮುಷ್ಟಿಯಾಗ ಹಿಡೀಬ್ಯಾಡ್ರಿ, ಹಂಗ ಹಿಡದ್ರ ಆ ಗುಣಾನೇ ಹೋಗ್ತದ. ಕಿವಿ ಕಡಿನೂ ಲಕ್ಷ್ಯ ಇರ್ಲಿ, 85 ಡೆಸಿಬಲ್‌ನಾಗ ಎಂಟು ತಾಸು ಇರಬಹುದು ಅಂತಾರ, ಮ್ಯಾಲ ಪ್ರತಿ 3 ಡೆಸಿಬಲ್‌ಗೆ ಟೈಮ್ ಅರ್ಧ ಆಗ್ತದ, 100ಕ್ಕ ಹೋದ್ರ ಹದಿನೈದೇ ನಿಮಿಷ. ಡ್ರಮ್ಸ್ ಬಾಜು ನಿಂತು ಮೂರು ತಾಸು ಹಾಡೋರು ಇಯರ್‌ಪ್ಲಗ್ ಹಾಕ್ಕೋರಿ.

ಮೇ ತಿಂಗಳಾಗ ಇಲ್ಲಿ 42 ಡಿಗ್ರಿ ದಾಟ್ತದ, ಗಾಡಿಯೊಳಗ ಗಿಟಾರ್ ಬಿಟ್ಟು ಹೋಗಬ್ಯಾಡ್ರಿ, ಅಂಟು ಬಿಡ್ತದ. ಬಿಸಿಲಿಂದ ಎಸಿ ಹಾಲ್‌ಗೆ ತಂದ ಕೂಡ್ಲೇ ಟ್ಯೂನ್ ಮಾಡಿದ್ರ ಉಪಯೋಗ ಇಲ್ಲ, ಹಿಗ್ಗಿದ ತಂತಿ ತಂಪಿಗೆ ಬಿಗಿ ಆಗಿ ಸ್ವರ ಏರ್ತಾ ಹೋಗ್ತದ. ಡಬ್ಬಿ ತೆರದು ಇಪ್ಪತ್ತು ನಿಮಿಷ ಬಿಡ್ರಿ, ಆಮ್ಯಾಲ ಟ್ಯೂನ್ ಮಾಡ್ರಿ. ತಬಲಾನೂ ಹಂಗೇ.

ಕಾನೂನು. 2000ನೇ ಇಸ್ವಿ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಾಗ ಸ್ಪೀಕರ್ ಹಚ್ಚಂಗಿಲ್ಲ. ರೂಫ್‌ಟಾಪ್ ಅಂದ್ರ ಬಯಲೇ, ಹತ್ತಕ್ಕ ಐದು ನಿಮಿಷ ಇರೋದ್ರಾಗೇ ಕಡೀ ಹಾಡು ಮುಗಿಸ್ರಿ, ಇನ್ನೊಂದು ಹಾಡು ಅಂತ ಮಾಲಕರೇ ಹೇಳಿದ್ರೂ ಬ್ಯಾಡ. ಬಾರ್‌ನಾಗ ಸಿನಿಮಾ ಹಾಡು ಲೈವ್ ಹಾಡ್ಲಿಕ್ಕೆ ಐಪಿಆರ್‌ಎಸ್ (ಹಾಡು ಬರದೋರ, ಸಂಗೀತ ಮಾಡಿದೋರ ಹಕ್ಕು ನೋಡ್ಕೊಳ್ಳೋ ಸಂಸ್ಥೆ) ಲೈಸೆನ್ಸ್ ಬೇಕು, ಮಾಲಕರು ತೊಗೊಂಡಾರೋ ಇಲ್ಲೋ ಮೊದಲೇ ಕೇಳ್ರಿ. ಮದಿವಿಗೆ 1957ರ ಕಾಪಿರೈಟ್ ಕಾಯ್ದೆಯಾಗ ವಿನಾಯ್ತಿ ಅದ, ಬಾರ್‌ಗೆ ಇಲ್ಲ. ಮತ್ತ ಕ್ಯಾಲೆಂಡರ್ ನೋಡ್ರಿ: ಶ್ರಾವಣದಾಗ ಬಾರ್ ಖಾಲಿ, ಅಕ್ಟೋಬರ್ 2 ಬಂದ್, ಎಲೆಕ್ಷನ್ ಇದ್ರ ಮತದಾನ ಮುಗಿಯೋ 48 ತಾಸು ಮೊದಲಿಂದ ಬಂದ್. ರಂಜಾನ್‌ನಾಗ ನಮ್ಮ ಗಿಟಾರ್‌ನವಂದು ರೋಜಾ, ಆ ತಿಂಗಳು ನಾವು ಪ್ರೋಗ್ರಾಂ ಹಿಡಿಯಂಗಿಲ್ಲ, ಅವನಿಲ್ದೇ ಬ್ಯಾರೆಯವ್ರನ್ನ ಹಾಕ್ಕೊಂಡು ಮಾಡೋದು ನಮಗ ಸರಿ ಅನ್ಸಂಗಿಲ್ಲ.

ರೊಕ್ಕ. ನಮ್ಮ ಬ್ಯಾಂಡ್ ಮೊದಲನೇ ಸಲ ಒಡದದ್ದು ಐನೂರು ರೂಪಾಯಿ ಒಂದು ನೋಟಿಗೆ. ಒಬ್ರು ಖುಷಿಯಾಗಿ ಬಂದು ಹಾಡ್ತಿದ್ದ ನನ್ನ ಕಿಸೇದಾಗ ಇಟ್ರು, ನಾನು ಅದು ನನಗೇ ಕೊಟ್ಟದ್ದು ಅಂತ ಮನಿಗೆ ಒಯ್ದೆ. ಡ್ರಮ್ಸ್ ಬಾರಸ್ತಿದ್ದ ಗೆಳ್ಯಾ ಏನೂ ಅನ್ಲಿಲ್ಲ, ಮುಂದಿನ ಪ್ರಾಕ್ಟೀಸ್‌ಗೆ ಬರ್ಲಿಲ್ಲ, ಅದರ ಮುಂದಿಂದಕ್ಕೂ ಬರ್ಲಿಲ್ಲ. ಎಂಟು ವರ್ಷದ ಗೆಳೆತನ. ಈಗ ಯಾರ ಕೈಗೆ ಬಂದ್ರೂ ಅದು ಡಬ್ಬಿಗೆ, ಬಂದ ರೊಕ್ಕ ಆರು ಪಾಲು, ಐದು ನಮ್ಮವು, ಆರನೇದು ಕೇಬಲ್, ತಂತಿ, ರಿಪೇರಿಗೆ. ಮಾಲಕರ ಕೂಡ ಮಾತಾಡಿದ್ದು ವಾಟ್ಸಾಪ್‌ನಾಗ ಬರದು ಕಳಸ್ರಿ, ಎಷ್ಟು ತಾಸು, ಎಷ್ಟು ರೊಕ್ಕ, ಊಟ ಅದನೋ, ಮಂದಿ ಬರಲಿಲ್ಲಂದ್ರ ಏನು. ಒಂದು ಜಾಗದಾಗ ಮಳಿ ಬಂದು ನಾಲ್ಕೇ ಟೇಬಲ್ ತುಂಬಿತ್ತಂತ ಅರ್ಧ ರೊಕ್ಕ ಕಟ್ ಮಾಡಿ ಕೊಟ್ರು, ಬರದದ್ದು ಇರ್ಲಿಲ್ಲ, ಏನೂ ಕೇಳ್ಲಿಕ್ಕೆ ಆಗ್ಲಿಲ್ಲ. ಅರ್ಧ ಅಡ್ವಾನ್ಸ್ ಕೈಗೆ ಬಂದ ಮ್ಯಾಲೇ ತಾರೀಖು ಪಕ್ಕಾ ಮಾಡ್ರಿ.

ಎರಡನೇ ಸಲ ಒಡದದ್ದು ಕುಡಿಯೋದಕ್ಕ, ಜಾಸ್ತಿ ಬರಿಯಂಗಿಲ್ಲ. ಪ್ರೋಗ್ರಾಂ ಮುಗಿಯೋ ತನಕ ಯಾರೂ ಒಂದು ಹನಿ ಮುಟ್ಟಂಗಿಲ್ಲ, ಮಾಲಕರು ಫ್ರೀ ಕೊಟ್ರೂ.

ಹಾಡೋರೊಳಗ ಹೆಣ್ಮಕ್ಕಳು ಇದ್ರ ಅವ್ರು ನಿಲ್ಲೋ ಜಾಗ ಮಂದಿಯಿಂದ ದೂರ, ಕೀಬೋರ್ಡ್ ಹಿಂದ ಬರೋ ಹಂಗ ಮಾಡ್ರಿ. ಫರ್ಮಾಯಿಶ್ ಚೀಟಿಯಾಗ ಬರ್ಲಿ, ವೇಟರ್ ಕೈಯಿಂದ ಬರ್ಲಿ, ಯಾರೂ ಸ್ಟೇಜ್‌ಗೆ ಬಂದು ಕಿವಿಯಾಗ ಹೇಳೋದು ಬ್ಯಾಡ. ಯಾರರೇ ಅಕ್ಕನ ಜೋಡಿ ಸರಿ ಮಾತಾಡ್ಲಿಲ್ಲಂದ್ರ ಹಾಡು ನಡುವೇ ನಿಲ್ಲಸ್ತೀವಿ ಅಂತ ಮಾಲಕರಿಗೆ ಮೊದಲೇ ಹೇಳಿರ್ತೀವಿ, ಎರಡು ಸಲ ನಿಲ್ಲಿಸೀವಿ ಕೂಡ. ಪ್ರೋಗ್ರಾಂ ಆದ ಮ್ಯಾಲ ಮೊದಲು ಅವ್ರನ್ನ ಮನಿ ಬಾಗಿಲ ತನಕ ಬಿಟ್ಟು ಬಂದು ಆಮ್ಯಾಲ ಸಾಮಾನು ಕಟ್ಟೋದು.

ಇಷ್ಟೆಲ್ಲಾ ಯಾಕ ಮಾಡ್ತೀರಿ ಅಂತ ಮನ್ಯಾಗ ಕೇಳ್ತಾರ. ಹೋದ ಚಳಿಗಾಲದಾಗ ಅಕ್ಕ ಒಂದು ಹಳೇ ಕನ್ನಡ ಹಾಡು ಹಾಡ್ಲಾಕತ್ತಿದ್ಳು, ಮಂದಿ ತಮ್ಮ ತಮ್ಮ ಮಾತಿನಾಗ ಇದ್ರು. ಕಿಚನ್ ಬಾಗಿಲ ಹತ್ರ ಯಾದಗಿರಿ ಕಡಿಯ ವೇಟರ್ ಹುಡುಗ ಒಬ್ಬ, ಕೈಯಾಗ ತಾಟು, ಮ್ಯಾಲ ಬಿಸಿ ತಹರಿ ಹೊಗಿ ಆಡ್ಲಾಕತ್ತಿತ್ತು, ಅಂತರಾ ಮುಗಿಯೋ ತನಕ ಹೆಜ್ಜಿ ಎತ್ಲಿಲ್ಲ. ಟೇಬಲ್‌ನವ್ರು ಕರದ್ರು, ಅವ ಒಂದು ಬೆರಳು ಎತ್ತಿ ತಡೀರಿ ಅಂದ. ಹಾಡು ಪಲ್ಲವಿಗೆ ತಿರುಗಿದ ಮ್ಯಾಲ ಹೋಗಿ ತಾಟು ಇಟ್ಟ. ನನಗ ಕಣ್ಣಾಗ ನೀರು ಬಂದು ಎರಡು ಮಾತ್ರಿ ತಾಳ ತಪ್ಪೀತು.

ಕಡೀಕ ಒಂದು ಕೆಲಸ. ಪ್ರತಿ ಪ್ರೋಗ್ರಾಂ ಫೋನ್‌ನಾಗ ರೆಕಾರ್ಡ್ ಮಾಡ್ರಿ, ಫೋನ್ ಸ್ಟೇಜ್ ಮ್ಯಾಲ ಬ್ಯಾಡ, ಮಂದಿ ಕುಂಡ್ರೋ ಹಿಂದಿನ ಟೇಬಲ್ ಮ್ಯಾಲ ಇಡ್ರಿ. ಐತವಾರ ಮುಂಜಾನಿ ಚಾ ಕುಡ್ಕೋತ ಐದೂ ಜನ ಕುಂತು ಪೂರಾ ಕೇಳ್ರಿ, ತಪ್ಪು ಆದಲ್ಲಿ ಯಾರು ಮಾಡಿದ್ರು ಅಂತ ಬರೀದೇ ಎಷ್ಟನೇ ನಿಮಿಷ ಅಂತಷ್ಟೇ ನೋಟ್‌ಬುಕ್‌ನಾಗ ಬರೀರಿ. ಮುಂದಿನ ಬುಧವಾರ ಪ್ರಾಕ್ಟೀಸ್ ಆ ನಿಮಿಷದಿಂದಲೇ ಶುರು ಮಾಡ್ರಿ.