ಕಡಲ ಗಾಳಿ ವಿದ್ಯುತ್: ಮೊದಲ ಒಪ್ಪಂದದಲ್ಲೇ ರಿಸ್ಕ್ ಹಂಚಿಕೊಳ್ಳುವುದು ಹೇಗೆ?

ಕಡಲಲ್ಲಿ ಗಾಳಿಯಂತ್ರ ನಿಲ್ಲಿಸುವ ಕಂಪನಿಗಳ ಪರವಾಗಿ ಖರೀದಿ ಒಪ್ಪಂದ ಬರೆಯುವುದು ನನ್ನ ಕೆಲಸ. ಹಣ ಹೂಡುವ ಅಂತಿಮ ತೀರ್ಮಾನಕ್ಕೆ ಎಷ್ಟೋ ಮೊದಲೇ ಇಲ್ಲಿ ಕಾರ್ಖಾನೆಯಲ್ಲೂ ಹಡಗಿನಲ್ಲೂ ಜಾಗ ಹಿಡಿಯಬೇಕು. ಯೋಜನೆ ಆಗುತ್ತೋ ಇಲ್ವೋ ನಮಗೇ ಗೊತ್ತಿರುವುದಿಲ್ಲ. ಸುಮ್ನೆ ಜಾಗ ಖಾಲಿ ಇಡಿ ಅಂದರೆ ಯಾವ ಸಪ್ಲೈಯರ್ ಇಡುತ್ತಾನೆ?

ಹಾಗಾಗಿ ಮೊದಲು ರಿಸರ್ವೇಶನ್ ಒಪ್ಪಂದ ಮಾಡಿ. ಯಾವ ತಿಂಗಳ ಸ್ಲಾಟ್, ಎಷ್ಟು ಶುಲ್ಕ, ಆರ್ಡರ್ ಕೊಟ್ಟಾಗ ಅದು ಬೆಲೆಯಲ್ಲಿ ಕಳೆಯುತ್ತದೆಯೇ ಎಂದು ಬರೆಸಿ. ಮುಖ್ಯ ಒಪ್ಪಂದದ ಷರತ್ತುಗಳನ್ನೂ ಈಗಲೇ ಮಾತಾಡಿ ಲಗತ್ತಿಸಿ. ಸ್ಲಾಟ್ ಹಿಡಿದ ಮೇಲೆ ಚೌಕಾಸಿಗೆ ಕೂತರೆ ನಿಮ್ಮ ಮಾತು ನಡೆಯುವುದಿಲ್ಲ.

ಜಾಸ್ತಿ ತಲೆ ಓಡಿಸಬೇಕಾದದ್ದು ಬೆಲೆ ಸೂತ್ರಕ್ಕೆ, ಅಂದರೆ ಖರ್ಚು ಏರಿಳಿದಂತೆ ಸಪ್ಲೈಯರ್‌ಗೆ ಕೊಡುವ ಬೆಲೆ ಹೇಗೆ ಬದಲಾಗಬೇಕು ಎಂಬ ಲೆಕ್ಕಕ್ಕೆ. ಬ್ರಿಟನ್‌ನ ನಾರ್ಫೋಕ್ ಬೊರಿಯಾಸ್ ಯೋಜನೆಯ ವಿದ್ಯುತ್ ದರ 2022ರ ಹರಾಜಿನಲ್ಲಿ ನಿಗದಿಯಾಗಿತ್ತು. ಗ್ರಾಹಕ ಬೆಲೆ ಸೂಚ್ಯಂಕದ ಜೊತೆ ಆ ದರ ಏರುವಂತಿತ್ತು, ನಿಜ. ಆದರೆ ಉಕ್ಕು, ತಾಮ್ರ, ಬಡ್ಡಿ ಆ ಸೂಚ್ಯಂಕದ ಮಾತು ಕೇಳುವುದಿಲ್ಲ. ಖರ್ಚು ಶೇ 40ರವರೆಗೆ ಏರಿದೆ ಎಂದು ಯೋಜನೆಯ ಕಂಪನಿ ವ್ಯಾಟನ್‌ಫಾಲ್ 2023ರ ಜುಲೈನಲ್ಲಿ ಕೆಲಸ ನಿಲ್ಲಿಸಿತು.

ಮೊನೊಪೈಲ್ ತೆಗೆದುಕೊಳ್ಳಿ, ಅಂದರೆ ಗಾಳಿಯಂತ್ರಕ್ಕೆ ಅಡಿಪಾಯವಾಗಿ ಸಮುದ್ರದ ತಳಕ್ಕೆ ಹೊಡೆಯುವ ದೈತ್ಯ ಉಕ್ಕಿನ ಕೊಳವೆ. ಬೆಲೆಯ ಅರ್ಧ ಉಕ್ಕಿನ ಸೂಚ್ಯಂಕಕ್ಕೆ, ಶೇ 30 ಕೂಲಿ ಸೂಚ್ಯಂಕಕ್ಕೆ ಕಟ್ಟಿ, ಉಳಿದ ಶೇ 20 ಬದಲಾಗದಿರಲಿ ಅಂದುಕೊಳ್ಳೋಣ. ಉಕ್ಕು ಶೇ 20 ಏರಿದರೆ ಬೆಲೆ ಶೇ 10 ಏರುತ್ತದೆ. ಅದರಲ್ಲಿ ಮೊದಲ 3 ಸಪ್ಲೈಯರ್ ಹೊರಲಿ, ಮಿಕ್ಕ 7 ನೀವು ಹೊರಿ. ಬೆಲೆ ಇಳಿದಾಗಲೂ ಇದೇ ಲೆಕ್ಕ. ಉಕ್ಕಿನ ಪ್ಲೇಟ್ ಆರ್ಡರ್ ಆದ ದಿನವೇ ಉಕ್ಕಿನ ಸೂಚ್ಯಂಕ ನಿಲ್ಲಬೇಕು. ಈ ಒಂದು ಸಾಲು ಬಿಟ್ಟುಹೋದರೆ, ಖರೀದಿ ಮುಗಿದ ಉಕ್ಕಿಗೂ ಏರಿದ ದರ ಕಟ್ಟುತ್ತಾ ಇರಬೇಕಾಗುತ್ತದೆ.

‘ಎಲ್ಲಾ ರಿಸ್ಕ್ ಸಪ್ಲೈಯರ್ ತಲೆಗೆ ಕಟ್ಟಿ’ ಎನ್ನುವ ವಕೀಲರು ಸಿಗುತ್ತಾರೆ. ಕಟ್ಟಬಹುದು, ಆದರೆ ಅವನು ಅದನ್ನು ಬೆಲೆಯಲ್ಲಿ ಸೇರಿಸಿ ನಿಮ್ಮಿಂದಲೇ ವಸೂಲಿ ಮಾಡುತ್ತಾನೆ, ಅಲ್ವಾ?

ರದ್ದು ಶುಲ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಯಿರಿ: ಪ್ಲೇಟ್ ಆರ್ಡರ್‌ಗೆ ಮೊದಲು ಬರೀ ರಿಸರ್ವೇಶನ್ ಶುಲ್ಕ, ಆರ್ಡರ್ ಆದ ಮೇಲೆ ಪ್ಲೇಟಿನ ಬೆಲೆ, ವೆಲ್ಡಿಂಗ್ ಶುರುವಾದರೆ ಅದರ ಖರ್ಚೂ ಸೇರಿ. ಸ್ಲಾಟ್ ಅಥವಾ ಪ್ಲೇಟ್ ಬೇರೆಯವರಿಗೆ ಮಾರಿದರೆ ಆ ಹಣ ನಿಮ್ಮ ಲೆಕ್ಕಕ್ಕೆ ಜಮಾ ಆಗಲಿ.

ಹಡಗಿನ ಒಪ್ಪಂದದಲ್ಲಿ ಅಲೆ ಎಷ್ಟು ಎತ್ತರ ಎದ್ದರೆ ಕೆಲಸ ನಿಲ್ಲುತ್ತದೆ ಎಂಬ ಮಿತಿ ಹಾಕಿ. ಮಾಮೂಲಿ ಹವಾಮಾನದಲ್ಲಿ ಹಾಳಾಗುವ ದಿನಗಳು ಹಡಗಿನವರ ಪಾಲಿಗೆ, ಅದಕ್ಕಿಂತ ಹೆಚ್ಚಾದವು ನಿಮ್ಮ ಪಾಲಿಗೆ. ಮೊನೊಪೈಲ್ ತಡವಾಗಿ ಹಡಗು ಬಂದರಿನಲ್ಲಿ ನಿಂತರೆ ಬಾಡಿಗೆ ಮೊದಲು ಬೀಳುವುದು ನಿಮ್ಮ ಮೇಲೇ. ಅದರಲ್ಲಿ ಎಷ್ಟನ್ನು ಮೊನೊಪೈಲ್ ಸಪ್ಲೈಯರ್ ತುಂಬಿಕೊಡಬೇಕು ಎಂದು ಮೊದಲೇ ಮಿತಿ ಹಾಕಿ ಬರೆಯಿರಿ.

ಕೈಕೊಡುವುದು ಸಪ್ಲೈಯರ್ ಕೂಡ ಇರಬಹುದು. ಗಾಳಿಯಂತ್ರ ತಯಾರಿಸುವ ಜಿಇ ವೆರ್ನೋವಾ 18 ಮೆಗಾವಾಟ್ ಟರ್ಬೈನ್ ಕೈಬಿಟ್ಟ ಮೇಲೆ, 2024ರ ಏಪ್ರಿಲ್‌ನಲ್ಲಿ ಅದನ್ನೇ ನಂಬಿದ್ದ ನ್ಯೂಯಾರ್ಕ್‌ನ ಮೂರು ಯೋಜನೆಗಳ ಮಾತುಕತೆ ಅಂತಿಮ ಒಪ್ಪಂದವಿಲ್ಲದೆ ಮುಗಿಯಿತು. ಮಾಡೆಲ್ ಹಿಂತೆಗೆದರೆ ಶುಲ್ಕ ಪೂರ್ತಿ ವಾಪಸ್, ಬದಲಿ ಮಾಡೆಲ್‌ಗೆ ಅಡಿಪಾಯದ ಮರುವಿನ್ಯಾಸದ ಖರ್ಚು ಅವರದೇ ಎಂಬ ಷರತ್ತನ್ನು ರಿಸರ್ವೇಶನ್ ಒಪ್ಪಂದದಲ್ಲೇ ಸೇರಿಸಿ.